ಚೈನೀಸ್ ಮನೆಮಾತಿನ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಅಭ್ಯಾಸ: ಯಾವುದಕ್ಕೆ ದುಡ್ಡು, ಯಾವುದಕ್ಕೆ ಸಮಯ?

ಹಾಂಗ್‌ಕಾಂಗ್‌ನ ಯಾವ ದೊಡ್ಡ ಪುಸ್ತಕದಂಗಡಿಗೆ ಹೋದರೂ ಒಂದು ಗೋಡೆಯ ತುಂಬ ಶಾಲಾ ಮಕ್ಕಳ ಅಭ್ಯಾಸ ಪುಸ್ತಕಗಳೇ. ವ್ಯಾಕರಣಕ್ಕೆ ಒಂದು ಸಾಲು, ಓದಿ ಉತ್ತರಿಸುವುದಕ್ಕೆ ಒಂದು ಸಾಲು, ಪ್ರಬಂಧಕ್ಕೆ ಇನ್ನೊಂದು. ಅದು ಸಾಲದು ಅಂತ ಟ್ಯೂಷನ್ ಸೆಂಟರ್, ಮನೆಪಾಠ, ಆ್ಯಪ್. ಹೈಸ್ಕೂಲ್ ಮಕ್ಕಳ ತಾಯಂದಿರು ನನ್ನನ್ನು ಮೊದಲು ಕೇಳುವುದೇ ಇದು: ‘ಮಿಸ್, ಇದರಲ್ಲಿ ಯಾವುದನ್ನು ತಗೊಳ್ಳಲಿ?’

ಈ ಬರಹ ಅಂಥ ಮಕ್ಕಳಿಗೆ ಪಾಠ ಹೇಳುವ ನಮ್ಮವರಿಗಾಗಿ. ನನ್ನ ಹಾಗೆ ಹಾಂಗ್‌ಕಾಂಗ್‌ನಲ್ಲಿದ್ದು ಪಕ್ಕದ ಫ್ಲಾಟಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವರು ಇರಬಹುದು. ಮೈಸೂರಿನಲ್ಲಿ ಕೂತು ತೈವಾನಿನ ಹುಡುಗನಿಗೆ ಆನ್‌ಲೈನಿನಲ್ಲಿ ಪಾಠ ಮಾಡುವವರೂ ಇರಬಹುದು. ನಾವು ಕಲಿತ ದಾರಿಯಲ್ಲೇ ಇವರನ್ನೂ ನಡೆಸಲು ಹೋದರೆ ಅರ್ಧ ಶ್ರಮ ನೀರುಪಾಲು. ನಮ್ಮ ಮಕ್ಕಳು ಎಡವುವ ಜಾಗ ಬೇರೆ, ಇವರು ಎಡವುವ ಜಾಗ ಬೇರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪುಸ್ತಕಕ್ಕೆ ಕಡಿಮೆ ಖರ್ಚು ಮಾಡಿ. ಮಗು ಬರೆದದ್ದನ್ನು ಕೂತು ಓದುವ ಒಬ್ಬ ಮನುಷ್ಯನಿಗೆ ಜಾಸ್ತಿ ಖರ್ಚು ಮಾಡಿ. ಯಾಕೆ ಅಂತ ಒಂದು ವಾಕ್ಯ ನೋಡಿದರೆ ಗೊತ್ತಾಗುತ್ತದೆ.

ಒಂದು ವಾಕ್ಯ, ಹಲವು ತಪ್ಪು

ಫಾರ್ಮ್ ಟೂ, ಅಂದರೆ ಹೆಚ್ಚುಕಡಿಮೆ ನಮ್ಮ ಎಂಟನೇ ಕ್ಲಾಸಿನ ಮಗು ಅಜ್ಜಿಯ ಬಗ್ಗೆ ಹೀಗೆ ಬರೆಯುತ್ತದೆ ಅಂದುಕೊಳ್ಳಿ: ‘ಆಲ್ದೋ ಮೈ ಗ್ರ್ಯಾಂಡ್‌ಮದರ್ ಈಸ್ ವೆರಿ ಓಲ್ಡ್, ಬಟ್ ಶಿ ವೆರಿ ಲೈಕ್ ಗೋ ಟು ದ ಪಾರ್ಕ್, ದೇರ್ ಹ್ಯಾವ್ ಮೆನಿ ಓಲ್ಡ್ ಪೀಪಲ್ ಡಾನ್ಸ್.’

ಇದರಲ್ಲಿ ಒಂದು ತಪ್ಪೂ ಅಜಾಗರೂಕತೆಯದಲ್ಲ. ಎಲ್ಲದಕ್ಕೂ ಮನೆಮಾತಿನಲ್ಲಿ ಕಾರಣವಿದೆ. ಚೈನೀಸಿನಲ್ಲಿ ‘ಆಲ್ದೋ’ಗೂ ‘ಬಟ್’ಗೂ ಸಮನಾದ ಮಾತುಗಳು ಜೋಡಿಯಾಗಿಯೇ ಬರುತ್ತವೆ. ಒಂದನ್ನು ಬಿಟ್ಟರೆ ಅವರಿಗೆ ಏನೋ ಕೊರತೆ ಅನಿಸುತ್ತದೆ. ನಮ್ಮಲ್ಲಿ ‘ವಯಸ್ಸಾಗಿದ್ದರೂ’ ಅಂದರೆ ಮುಗಿಯಿತು, ಹಾಗಾಗಿ ಕನ್ನಡದ ಮಗು ಇಲ್ಲಿ ಅಷ್ಟಾಗಿ ಜಾರುವುದಿಲ್ಲ. ‘ವೆರಿ ಲೈಕ್’ ಕೂಡ ಹಾಗೇ. ‘ತುಂಬ ಇಷ್ಟ’ ಅನ್ನುವುದಕ್ಕೆ ಅವರ ಮಾತಿನಲ್ಲಿ ‘ತುಂಬ’ ನೇರವಾಗಿ ಕ್ರಿಯಾಪದದ ಮುಂದೆ ಬರುತ್ತದೆ. ‘ಲೈಕ್ ಗೋ’ದಲ್ಲಿ ಎರಡು ಕ್ರಿಯಾಪದಗಳು ಅಂಟಿಕೊಂಡಿವೆ, ನಡುವೆ ‘ಟು’ ಬೇಕು ಅಂತ ಚೈನೀಸ್ ಕಿವಿಗೆ ಕೇಳಿಸುವುದಿಲ್ಲ. ‘ದೇರ್ ಹ್ಯಾವ್’ ಬಂದದ್ದು, ‘ಇದೆ’ ಅನ್ನುವುದಕ್ಕೂ ‘ಹೊಂದಿದೆ’ ಅನ್ನುವುದಕ್ಕೂ ಅಲ್ಲಿ ಒಂದೇ ಪದ ಇರುವುದರಿಂದ. ಕೊನೆಯ ‘ಡಾನ್ಸ್’ ನಮಗೆ ಚೆನ್ನಾಗಿ ಅರ್ಥವಾಗುವ ತಪ್ಪು. ‘ಕುಣಿಯುವ ಮುದುಕರು’ ಅಂತ ನಾವು ವಿವರವನ್ನು ಮುಂದೆ ಇಡುತ್ತೇವೆ, ಚೈನೀಸಿನವರೂ ಅಷ್ಟೇ. ಇಂಗ್ಲಿಷಿನಲ್ಲಿ ಅದನ್ನು ಹಿಂದಕ್ಕೆ ಹಾಕಬೇಕಲ್ಲ, ಅಲ್ಲಿ ಮಗು ತಬ್ಬಿಬ್ಬಾಗುತ್ತದೆ.

ಆ ಅಲ್ಪವಿರಾಮವನ್ನೂ ನೋಡಿ. ಇಂಗ್ಲಿಷಿನಲ್ಲಿ ಪೂರ್ಣವಿರಾಮ ಬರಬೇಕಾದ ಕಡೆ ಚೈನೀಸಿನಲ್ಲಿ ಅಲ್ಪವಿರಾಮ ಹಾಕಿ ಮುಂದೆ ಹೋಗುವುದು ಸಹಜ. ಮಗು ಅದನ್ನೇ ತಂದಿದೆ.

ಇದಕ್ಕೆಲ್ಲ ಇನ್ನೊಂದನ್ನು ಸೇರಿಸಿ. ಚೈನೀಸ್ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ‘ನಿನ್ನೆ’ ಅಂತ ಒಮ್ಮೆ ಹೇಳಿದರೆ ಸಾಕು. ಹೋದೆ, ಹೋದಳು, ಹೋಗುತ್ತಾರೆ ಅಂತ ಹುಟ್ಟಿದಾಗಿನಿಂದ ಬಾಲ ಬದಲಿಸಿ ಬೆಳೆದ ನಮಗೆ ‘ಯೆಸ್ಟರ್‌ಡೇ ಐ ಗೋ’ ಎಷ್ಟು ವಿಚಿತ್ರವೋ, ಅವರಿಗೆ ಅದು ಅಷ್ಟೇ ಸಹಜ. ‘ಹಿ’, ‘ಶಿ’ ಅದಲುಬದಲಾಗುವುದೂ ಇದೇ ಜಾತಿಯದು, ಮಾತಿನಲ್ಲಿ ಅವೆರಡಕ್ಕೂ ಒಂದೇ ಉಚ್ಚಾರ.

ವ್ಯಾಕರಣ: ಬಿಟ್ಟ ಸ್ಥಳವೋ, ತನ್ನದೇ ವಾಕ್ಯವೋ?

ಅಂಗಡಿಯ ವ್ಯಾಕರಣ ಪುಸ್ತಕಗಳಲ್ಲಿ ಬಹುಪಾಲು ನಾಲ್ಕರಲ್ಲಿ ಒಂದನ್ನು ಆರಿಸುವ ಅಭ್ಯಾಸ. ಮೇಲಿನ ವಾಕ್ಯ ಬರೆಯುವ ಮಗುವಿಗೇ ‘ಆಲ್ದೋ’ ಪಾಠದ ಹತ್ತು ಪ್ರಶ್ನೆ ಕೊಟ್ಟು ನೋಡಿ. ಹತ್ತೂ ಸರಿ ಮಾಡಬಹುದು. ಪುಟದ ತಲೆಯ ಮೇಲೆಯೇ ಪಾಠದ ಹೆಸರು ಇರುತ್ತದಲ್ಲ, ಯಾವ ನಿಯಮ ಹಾಕಬೇಕು ಅಂತ ಮಗು ಯೋಚಿಸಬೇಕಾಗಿಯೇ ಇಲ್ಲ. ಬರೆಯುವಾಗ ಅಂಥ ಸೂಚನೆ ಸಿಗುವುದಿಲ್ಲ.

ಇದಕ್ಕಿಂತ ಒಂದು ಮೆಟ್ಟಿಲು ಮೇಲೆ ಇರುವುದು ತಪ್ಪು ಹುಡುಕುವ ಅಭ್ಯಾಸ. ಸಾಲಿಗೊಂದು ತಪ್ಪು ಇರುತ್ತದೆ, ಮಗು ಗುರುತು ಹಾಕಿ ತಿದ್ದಬೇಕು. ಹಾಂಗ್‌ಕಾಂಗ್ ಶಾಲೆಗಳಲ್ಲಿ ಪ್ರೂಫ್‌ರೀಡಿಂಗ್ ಅಂತ ಇದನ್ನು ಮಾಡಿಸುತ್ತಾರೆ. ಇದು ಒಳ್ಳೆಯದು. ಅದಕ್ಕೂ ಒಳ್ಳೆಯದು, ಆ ತಪ್ಪಿನ ಸಾಲುಗಳು ಮಗುವಿನ ಹಳೆಯ ನೋಟ್‌ಬುಕ್ಕಿನಿಂದಲೇ ಬಂದಿದ್ದರೆ. ನಾನು ಮಾಡುವುದು ಇಷ್ಟೇ: ಮಗು ಬರೆದ ಪುಟದಿಂದ ಐದಾರು ವಾಕ್ಯ ಎತ್ತಿ, ಎರಡು ವಾರ ಬಿಟ್ಟು, ಬೇರೆ ಹಾಳೆಯಲ್ಲಿ ಬರೆದು ಮುಂದಿಡುತ್ತೇನೆ. ತನ್ನದು ಅಂತ ಎಷ್ಟೋ ಸಲ ಅದಕ್ಕೆ ನೆನಪಿರುವುದಿಲ್ಲ. ತಾನೇ ಹುಡುಕಿ ತಿದ್ದುತ್ತದೆ. ಅಂಗಡಿಯ ಪುಸ್ತಕ ಬರೆದವರಿಗೆ ಈ ಮಗುವಿನ ತಪ್ಪುಗಳು ಗೊತ್ತಿರುವುದು ಸಾಧ್ಯವೇ ಇಲ್ಲ, ಅಲ್ವಾ?

ಡಿಕ್ಟೇಶನ್ ಬಗ್ಗೆಯೂ ಒಂದು ಮಾತು. ಇಲ್ಲಿ ಶಾಲೆಗಳು ಪಾಠದ ಒಂದು ತುಂಡನ್ನು ಮನೆಯಲ್ಲಿ ಕಲಿತು ಬಂದು ಬರೆಯಲು ಹೇಳುತ್ತವೆ. ಹಳೇಕಾಲದ್ದು ಅಂತ ತಳ್ಳಿಹಾಕುವವರಿದ್ದಾರೆ, ನಾನು ಹಾಕುವುದಿಲ್ಲ. ಕಲಿಯದೇ ಇರುವ ತುಂಡನ್ನು ನಿಧಾನಕ್ಕೆ ಓದಿ ಬರೆಸಿದರೆ, ಪದದ ಕೊನೆಯ ‘ಎಸ್’, ‘ಇಡಿ’ ಮತ್ತು ‘ಎ’, ‘ದ’ ಎಲ್ಲಿ ಬಿಟ್ಟುಹೋಗುತ್ತವೆ ಅನ್ನುವುದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಬಾಯಿಪಾಠದ ಡಿಕ್ಟೇಶನ್‌ನಿಂದ ಈ ಲಾಭ ಕಡಿಮೆ.

ಹಾಗಾದರೆ ವ್ಯಾಕರಣ ಪುಸ್ತಕ ಬೇಡವೇ ಬೇಡವಾ? ಒಂದು ಇರಲಿ. ಒಂದು ಕಡೆ ವಿವರಣೆ, ಎದುರಿಗೆ ಅಭ್ಯಾಸ, ಹಿಂದೆ ಉತ್ತರ ಇರುವಂಥದ್ದು. ಮೊದಲ ಪುಟದಿಂದ ಕೊನೆಯವರೆಗೆ ಮಾಡಿಸಲು ಅಲ್ಲ, ತಪ್ಪು ಕಂಡಾಗ ತೆರೆದು ನೋಡಲು. ವಿವರಣೆ ಚೈನೀಸಿನಲ್ಲಿರುವ ಪುಸ್ತಕವೇ ಕೆಳ ತರಗತಿಗೆ ವಾಸಿ. ಇಂಗ್ಲಿಷ್ ವ್ಯಾಕರಣವನ್ನು ಅರೆಬರೆ ಇಂಗ್ಲಿಷಿನಲ್ಲೇ ಓದಿ ಗೊಂದಲಪಡುವುದರಲ್ಲಿ ಏನೂ ಹೆಚ್ಚುಗಾರಿಕೆ ಇಲ್ಲ.

ಪರೀಕ್ಷೆ ಯಾವುದು ಅಂತ ಮೊದಲು ಕೇಳಿ

ಎಲ್ಲರೂ ಚೈನೀಸ್ ಬರೆಯುತ್ತಾರೆ ಅಂತ ಎಲ್ಲ ಕಡೆಯ ಮಕ್ಕಳಿಗೂ ಒಂದೇ ಪುಸ್ತಕ ಆಗುವುದಿಲ್ಲ. ಹಾಂಗ್‌ಕಾಂಗ್‌ನಲ್ಲಿ 2012ರಿಂದ ಡಿಎಸ್‌ಇ ಪರೀಕ್ಷೆ ಇದೆ, ಫಾರ್ಮ್ ಸಿಕ್ಸ್ ಕೊನೆಗೆ, ಹೈಸ್ಕೂಲ್ ಮುಗಿಸುವಾಗ ಬರೆಯುವಂಥದ್ದು. ಅದರ ಇಂಗ್ಲಿಷಿನಲ್ಲಿ ಓದಿಗೆ 20 ಶೇಕಡ, ಬರವಣಿಗೆಗೆ 25 ಶೇಕಡ. ವ್ಯಾಕರಣಕ್ಕೆ ಅಂತ ಪ್ರತ್ಯೇಕ ಪತ್ರಿಕೆಯೇ ಇಲ್ಲ! ಬರವಣಿಗೆಯಲ್ಲಿ ವಿಷಯ, ಭಾಷೆ, ಜೋಡಣೆ ಮೂರಕ್ಕೂ ತಲಾ 7 ಅಂಕ. ಅಂದರೆ ಭಾಷೆ ಎಷ್ಟೇ ಶುದ್ಧವಾಗಿದ್ದರೂ ಹೇಳಲು ಏನೂ ಇಲ್ಲದಿದ್ದರೆ ಅಂಕ ಬರುವುದಿಲ್ಲ. ವ್ಯಾಕರಣ ಪುಸ್ತಕದ ರಾಶಿ ಇಲ್ಲಿ ಅಷ್ಟು ಕೆಲಸಕ್ಕೆ ಬಾರದಿರುವುದು ಇದಕ್ಕೇ.

ಮುಖ್ಯಭೂಮಿ ಚೀನಾದಲ್ಲಿ ಲೆಕ್ಕ ಬೇರೆ. ಕಾಲೇಜು ಪ್ರವೇಶದ ಗಾವೊಕಾವೊ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 150 ಅಂಕ. ರಾಷ್ಟ್ರೀಯ ಹೊಸ ಮಾದರಿಯ ಪತ್ರಿಕೆಯಲ್ಲಿ ವ್ಯಾಕರಣಕ್ಕೆ ಅಂತಲೇ ಹತ್ತು ಬಿಟ್ಟ ಸ್ಥಳ ಇವೆ, 15 ಅಂಕ. ಅಲ್ಲಿ ಬಿಟ್ಟ ಸ್ಥಳದ ಅಭ್ಯಾಸ ಪುಸ್ತಕಕ್ಕೆ ಅರ್ಥವಿದೆ. ಅದೇ ಪತ್ರಿಕೆಯಲ್ಲಿ ನನಗೆ ತುಂಬ ಇಷ್ಟವಾದ ಒಂದು ಪ್ರಶ್ನೆಯೂ ಇದೆ. ಅರ್ಧಕ್ಕೆ ನಿಲ್ಲಿಸಿದ ಒಂದು ಕಥೆ ಕೊಡುತ್ತಾರೆ. ಮುಂದಿನ ಎರಡು ಪ್ಯಾರಾಗಳ ಮೊದಲ ವಾಕ್ಯವನ್ನು ಅವರೇ ಬರೆದಿರುತ್ತಾರೆ. ಉಳಿದದ್ದನ್ನು ಸುಮಾರು 150 ಪದಗಳಲ್ಲಿ ಮಗು ಮುಗಿಸಬೇಕು, 25 ಅಂಕ. ಝೆಜಿಯಾಂಗ್ ಪ್ರಾಂತ್ಯದಲ್ಲಿ 2016ರಲ್ಲಿ ಶುರುವಾದ ಪ್ರಶ್ನೆ ಇದು. ಓದಿ ಅರ್ಥ ಮಾಡಿಕೊಳ್ಳದೆ ಬರೆಯಲು ಆಗುವುದಿಲ್ಲ, ಕಂಠಪಾಠದ ಪ್ರಬಂಧ ಇಲ್ಲಿ ನಡೆಯುವುದಿಲ್ಲ. ಹಾಂಗ್‌ಕಾಂಗ್ ಮಕ್ಕಳಿಗೂ ಇದನ್ನು ಅಭ್ಯಾಸವಾಗಿ ಕೊಡುತ್ತೇನೆ. ಓದು, ಬರಹ, ಭೂತಕಾಲದ ಕ್ರಿಯಾಪದ ಮೂರೂ ಒಂದೇ ಏಟಿಗೆ ಆಗುತ್ತವೆ.

ತೈವಾನಿನ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಚೈನೀಸಿನಿಂದ ಇಂಗ್ಲಿಷಿಗೆ ಎರಡು ವಾಕ್ಯ ಅನುವಾದ ಮಾಡಬೇಕು, 8 ಅಂಕ. ಕನಿಷ್ಠ 120 ಪದಗಳ ಒಂದು ಪ್ರಬಂಧಕ್ಕೆ 20 ಅಂಕ. ಚೈನೀಸ್ ಬಾರದ ನಾವು ಅನುವಾದಕ್ಕೆ ಸಹಾಯ ಮಾಡುವುದು ಕಷ್ಟ. ಅದನ್ನು ಅಲ್ಲಿನ ಶಾಲೆಯ ಟೀಚರಿಗೇ ಬಿಟ್ಟು ಪ್ರಬಂಧ ಹಿಡಿದುಕೊಳ್ಳುವುದು ಒಳ್ಳೆಯದು. ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ.

ಆನ್‌ಲೈನಿನಲ್ಲಿ ಪಾಠ ಮಾಡುವವರು ಇನ್ನೊಂದನ್ನು ತಿಳಿದಿರಬೇಕು. ಮುಖ್ಯಭೂಮಿಯಲ್ಲಿ ಜುಲೈ 2021ರಲ್ಲಿ ಬಂದ ನಿಯಮ, ದೇಶದ ಹೊರಗಿರುವ ವಿದೇಶಿಯರನ್ನು ಇಟ್ಟುಕೊಂಡು ಟ್ಯೂಷನ್ ಕಂಪನಿಗಳು ಮಕ್ಕಳಿಗೆ ಪಾಠ ಮಾಡಿಸುವುದನ್ನು ನಿಷೇಧಿಸಿತು. ಅಲ್ಲಿನ ಕಂಪನಿಯ ಹೆಸರಲ್ಲಿ ಯಾರಾದರೂ ಕೆಲಸ ಕೊಡುತ್ತೇವೆ ಅಂದರೆ ಎರಡು ಸಲ ಯೋಚಿಸಿ.

ಓದು: ಹಳೇ ಪ್ರಶ್ನೆಪತ್ರಿಕೆಯೋ, ಕಥೆ ಪುಸ್ತಕವೋ?

ಹಳೇ ಪತ್ರಿಕೆ ಬಿಡಿಸಿದರೆ ಪರೀಕ್ಷೆಯ ಅಭ್ಯಾಸ ಆಗುತ್ತದೆ, ಓದು ಬೆಳೆಯುವುದಿಲ್ಲ. ಫಾರ್ಮ್ ಒನ್ ಮಗುವಿನ ಕೈಗೆ ಡಿಎಸ್‌ಇ ಪತ್ರಿಕೆ ಕೊಡುವ ತಾಯಂದಿರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮಗು ಪ್ರತಿ ಸಾಲಿಗೂ ನಿಘಂಟು ತೆರೆದು, ಪದದ ಮೇಲೆ ಚೈನೀಸ್ ಅರ್ಥ ಬರೆದು, ಆ ಚೈನೀಸನ್ನೇ ಓದುತ್ತದೆ. ಇಂಗ್ಲಿಷ್ ಓದಿದಂತಾಗುವುದಿಲ್ಲ.

ಹು ಮತ್ತು ನೇಷನ್ ಅನ್ನುವ ಸಂಶೋಧಕರು 2000ದಲ್ಲಿ ಹೇಳಿದ ಒಂದು ಲೆಕ್ಕವಿದೆ. ಯಾರ ಸಹಾಯವೂ ಇಲ್ಲದೆ ಕಥೆ ಅರ್ಥವಾಗಬೇಕಾದರೆ ನೂರಕ್ಕೆ 98 ಪದ ಮೊದಲೇ ಗೊತ್ತಿರಬೇಕು. ಐವತ್ತು ಪದಕ್ಕೆ ಒಂದು ಹೊಸ ಪದ. ಇದು ತುಂಬ ಸುಲಭ ಅನಿಸುತ್ತದೆ, ಆದರೆ ಖುಷಿಯಿಂದ ಪುಟ ತಿರುವುವುದು ಅಲ್ಲೇ. ಹಂತ ಹಂತದ ಕಥೆ ಪುಸ್ತಕಗಳು ಈ ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗಿವೆ. ಉದಾಹರಣೆಗೆ ಆಕ್ಸ್‌ಫರ್ಡಿನ ಬುಕ್‌ವರ್ಮ್ಸ್ ಸರಣಿಯಲ್ಲಿ ಒಂದನೇ ಹಂತಕ್ಕೆ 400 ಮೂಲಪದ, ಮೂರನೆಯದಕ್ಕೆ 1000, ಆರನೆಯದಕ್ಕೆ 2500. ಮಗುವಿಗೆ ಒಂದು ಪುಟ ಓದಲು ಹೇಳಿ. ಆರೇಳು ಪದಕ್ಕೆ ನಿಂತರೆ ಕೆಳಗಿನ ಹಂತ ಕೊಡಿ. ಅವಮಾನ ಅಂದುಕೊಳ್ಳದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ.

ಎಡಪುಟದಲ್ಲಿ ಇಂಗ್ಲಿಷ್, ಬಲಪುಟದಲ್ಲಿ ಚೈನೀಸ್ ಇರುವ ಪುಸ್ತಕಗಳೂ ಬರುತ್ತವೆ. ಕಣ್ಣು ಸುಲಭದ ಕಡೆಗೇ ಹೋಗುತ್ತದೆ, ಹೈಸ್ಕೂಲ್ ಮಕ್ಕಳಿಗೆ ನಾನು ಅವನ್ನು ಹೇಳುವುದಿಲ್ಲ. ಮೇಲಿನ ತರಗತಿಗೆ ವಿದ್ಯಾರ್ಥಿಗಳಿಗಾಗಿಯೇ ಬರುವ ಯಂಗ್ ಪೋಸ್ಟ್ ಥರದ ಪತ್ರಿಕೆ ಚೆನ್ನ. ಸುದ್ದಿ ಅವರ ಊರಿನದ್ದೇ ಆದ್ದರಿಂದ ಪದ ಗೊತ್ತಿಲ್ಲದಿದ್ದರೂ ವಿಷಯ ಗೊತ್ತಿರುತ್ತದೆ. ಬ್ರಿಟಿಷ್ ಕೌನ್ಸಿಲ್‌ನ ಹದಿಹರೆಯದವರ ಲರ್ನ್‌ಇಂಗ್ಲಿಷ್ ತಾಣದಲ್ಲಿ ಓದುವುದಕ್ಕೂ ಬರೆಯುವುದಕ್ಕೂ ಹಂತವಾರು ಅಭ್ಯಾಸ ಉಚಿತವಾಗಿ ಸಿಗುತ್ತದೆ.

ಮಗುವಿನ ಶಾಲೆ ಯಾವುದು ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಾಂಗ್‌ಕಾಂಗ್‌ನಲ್ಲಿ 1998ರಲ್ಲಿ ಬಹುತೇಕ ಹೈಸ್ಕೂಲುಗಳು ಚೈನೀಸ್ ಮಾಧ್ಯಮಕ್ಕೆ ಹೋದವು, 114 ಶಾಲೆಗಳಿಗೆ ಇಂಗ್ಲಿಷಿನಲ್ಲೇ ಮುಂದುವರಿಯಲು ಬಿಟ್ಟರು. 2010ರ ನಂತರ ಆ ಗೆರೆ ಸಡಿಲವಾಗಿದೆ. ಆದರೂ ಚೈನೀಸ್ ಮಾಧ್ಯಮದ ಮಗು ದಿನಕ್ಕೆ ಒಂದು ಪೀರಿಯಡ್ ಮಾತ್ರ ಇಂಗ್ಲಿಷ್ ನೋಡುವ ಸಾಧ್ಯತೆ ಜಾಸ್ತಿ. ಅದಕ್ಕೆ ಬೇಕಾದದ್ದು ಓದಿನ ಪ್ರಮಾಣ. ವಿಜ್ಞಾನ, ಇತಿಹಾಸವನ್ನೂ ಇಂಗ್ಲಿಷಿನಲ್ಲೇ ಓದುವ ಮಗುವಿಗೆ ಪದಗಳು ಬಂದಿರುತ್ತವೆ, ಬರೆಯುವುದು ಮಾತ್ರ ನೋಟ್ಸ್ ಥರ ತುಂಡುತುಂಡು. ಅದಕ್ಕೆ ಕಥೆ ಪುಸ್ತಕಕ್ಕಿಂತ ಪ್ಯಾರಾ ಬರೆಸುವುದು ಮುಖ್ಯ.

ಬರವಣಿಗೆ: ಮಾದರಿ ಪ್ರಬಂಧವೋ, ನಿಜವಾದ ಉತ್ತರವೋ?

ಮಾದರಿ ಪ್ರಬಂಧಗಳ ಪುಸ್ತಕ ಇಲ್ಲಿ ಬಿಸಿ ದೋಸೆ ಥರ ಖರ್ಚಾಗುತ್ತವೆ. ಮಕ್ಕಳು ಅದರಿಂದ ಕಲಿಯುವುದು ಬಹುತೇಕ ಶುರುವಾತಿನ ಸಾಲುಗಳನ್ನು, ‘ತಂತ್ರಜ್ಞಾನದ ವೇಗದ ಬೆಳವಣಿಗೆಯೊಂದಿಗೆ’ ಅಂತ ಶುರುವಾಗುವ ಥರದ್ದು. ವಿಷಯ ಬೀದಿನಾಯಿಯಾದರೂ ಶಾಲೆಯ ಕ್ಯಾಂಟೀನ್ ಆದರೂ ಅದೇ ಸಾಲು. ಅದರ ಪಕ್ಕದಲ್ಲಿ ಮಗುವಿನ ಸ್ವಂತ ವಾಕ್ಯ ಬಂದ ಕೂಡಲೇ ಎರಡೂ ಬೇರೆಬೇರೆ ಕೈಯದ್ದು ಅಂತ ಯಾರಿಗಾದರೂ ತಿಳಿಯುತ್ತದೆ.

ಇದಕ್ಕಿಂತ ಎಷ್ಟೋ ಉತ್ತಮವಾದದ್ದು ಉಚಿತವಾಗಿ ಸಿಗುತ್ತದೆ. ಡಿಎಸ್‌ಇ ನಡೆಸುವ ಪರೀಕ್ಷಾ ಪ್ರಾಧಿಕಾರವೇ ಪ್ರತಿ ಹಂತಕ್ಕೂ (ಒಂದು ಎಲ್ಲಕ್ಕಿಂತ ಕೆಳಗಿನದು, ಐದು ಮೇಲಿನದು, ಐದರಲ್ಲೂ ಇನ್ನೂ ಚೆನ್ನಾಗಿ ಬರೆದವರಿಗೆ ನಕ್ಷತ್ರ) ಅಭ್ಯರ್ಥಿಗಳ ಉತ್ತರದ ಮಾದರಿಗಳನ್ನು ತನ್ನ ಜಾಲತಾಣದಲ್ಲಿ ಹಾಕಿದೆ. ಮೂರನೇ ಹಂತದ್ದು ಒಂದು, ಐದನೇ ಹಂತದ್ದು ಒಂದು ತೆಗೆದು ಮಗುವಿನ ಮುಂದೆ ಪಕ್ಕಪಕ್ಕ ಇಡಿ. ‘ಇದು ಯಾಕೆ ಮೇಲು?’ ಅಂತ ಕೇಳಿ ಸುಮ್ನೆ ಕೂತುಕೊಳ್ಳಿ. ಮಕ್ಕಳು ಮೊದಲು ‘ಪದ ದೊಡ್ಡದು’ ಅನ್ನುತ್ತಾರೆ. ಎರಡನೇ ಸಲ ಓದಿದಾಗ ‘ಇವಳು ಒಂದು ಉದಾಹರಣೆ ಕೊಟ್ಟಿದ್ದಾಳೆ’ ಅಂತ ಕಾಣುತ್ತದೆ. ವಿಶ್ವವಿದ್ಯಾಲಯದ ಪದವಿಗೆ ಇಂಗ್ಲಿಷಿನಲ್ಲಿ ಕನಿಷ್ಠ ಮೂರನೇ ಹಂತ ಬೇಕು, ಹಾಗಾಗಿ ಬಹಳ ಮಕ್ಕಳಿಗೆ ನಿಜವಾದ ಗೆರೆ ಅದೇ. ಎರಡನೇ ಹಂತದ ಉತ್ತರಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸವನ್ನು ತೋರಿಸುವುದು, ನಕ್ಷತ್ರ ಪಡೆದ ಐದನೇ ಹಂತದ ಪ್ರಬಂಧ ಬಾಯಿಪಾಠ ಮಾಡಿಸುವುದಕ್ಕಿಂತ ಹೆಚ್ಚು ಉಪಕಾರ.

ಯಾರು ತಿದ್ದಬೇಕು?

ನಾನು ದುಡ್ಡು ಹಾಕಿ ಅಂದದ್ದು ಇಲ್ಲಿಗೆ. ಶಾಲೆಯ ಟೀಚರ್ ಮುಂದೆ ಮೂವತ್ತಕ್ಕೂ ಹೆಚ್ಚು ನೋಟ್‌ಬುಕ್ ಇರಬಹುದು, ಅವರಿಂದ ಎಲ್ಲವನ್ನೂ ನಿರೀಕ್ಷಿಸುವುದು ಸರಿಯಲ್ಲ. ಹಾಂಗ್‌ಕಾಂಗ್ ಸರ್ಕಾರಿ ಮತ್ತು ಅನುದಾನಿತ ಹೈಸ್ಕೂಲುಗಳಿಗೆ ಇಂಗ್ಲಿಷ್ ಮನೆಮಾತಿನ ಮಟ್ಟದ ಶಿಕ್ಷಕರನ್ನು ತರುವ ನೆಟ್ ಯೋಜನೆ 1998ರಲ್ಲಿ ಶುರುವಾಯಿತು. ಶಾಲೆಯಲ್ಲಿ ಅಂಥವರಿದ್ದರೆ ಮಧ್ಯಾಹ್ನದ ಬಿಡುವಿನಲ್ಲಿ ಒಂದು ಪ್ಯಾರಾ ಹಿಡಿದುಕೊಂಡು ಹೋಗಲು ಮಗುವಿಗೆ ಧೈರ್ಯ ಹೇಳಿ. ಹೋಗುವವರು ಕಡಿಮೆ.

ದೊಡ್ಡ ಟ್ಯೂಷನ್ ಸೆಂಟರ್‌ಗಳ ಹೆಸರಾಂತ ಶಿಕ್ಷಕರು ಪರೀಕ್ಷೆಯ ತಂತ್ರ ಚೆನ್ನಾಗಿ ಹೇಳುತ್ತಾರೆ, ನೋಟ್ಸ್ ಅಚ್ಚುಕಟ್ಟು. ಆದರೆ ಎಷ್ಟೋ ಕಡೆ ಪಾಠ ವಿಡಿಯೋದಲ್ಲಿ. ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ‘ಮಗುವಿನ ಬರವಣಿಗೆಯನ್ನು ಯಾರು, ಎಷ್ಟು ದಿನಕ್ಕೊಮ್ಮೆ ಓದುತ್ತಾರೆ?’ ಉತ್ತರ ತೊದಲಿದರೆ, ಫಾರ್ಮ್ ಸಿಕ್ಸ್‌ಗಿಂತ ಕೆಳಗಿನವರಿಗೆ ಆ ಸೆಂಟರ್ ಬೇಡ.

ಯಂತ್ರದ ತಿದ್ದುಪಡಿಯೂ ಈಗ ಕೆಲಸಕ್ಕೆ ಬರುತ್ತದೆ. ಕೇಂಬ್ರಿಡ್ಜಿನ ರೈಟ್ ಆ್ಯಂಡ್ ಇಂಪ್ರೂವ್ ಉಚಿತ. ಮಗು ಬರೆದದ್ದನ್ನು ಹಾಕಿದರೆ ಅನುಮಾನದ ವಾಕ್ಯ, ಪದಗಳಿಗೆ ಗುರುತು ಹಾಕಿ ಒಂದು ಅಂದಾಜು ಹಂತ ತೋರಿಸುತ್ತದೆ. ಮಗು ತಿದ್ದಿ ಮತ್ತೆ ಹಾಕಬಹುದು, ಬೈಯುವವರಿಲ್ಲ. ‘ವೆರಿ ಲೈಕ್’ನಂಥದ್ದಕ್ಕೆ ಇದು ಸಾಕು. ಪೂರ್ತಿ ಪ್ರಬಂಧವನ್ನೇ ಬರೆದುಕೊಡುವ ಎಐ ಚಾಟ್‌ಗಳನ್ನು ಮೊದಲ ಕರಡಿಗೆ ಮುಟ್ಟಬಾರದು ಅಂತ ನಾನು ಕಟ್ಟುನಿಟ್ಟು ಮಾಡುತ್ತೇನೆ. ತನ್ನ ತಪ್ಪು ಏನು ಅಂತಲೇ ತಿಳಿಯದ ಹಾಗೆ ಅವು ಎಲ್ಲವನ್ನೂ ನಯ ಮಾಡಿಬಿಡುತ್ತವೆ.

ಇನ್ನು ನಮ್ಮಂಥ ಮನೆಪಾಠದವರು. ಪುಟದ ತುಂಬ ಕೆಂಪು ಗೀಚಿದರೆ ತಾಯಂದಿರಿಗೆ ಸಮಾಧಾನ, ಟೀಚರ್ ಕೆಲಸ ಮಾಡಿದ್ದಾರೆ ಅಂತ. ಆದರೆ 1996ರಲ್ಲಿ ತೈವಾನಿನ ತ್ಸಿಂಗ್ ಹುವಾ ವಿಶ್ವವಿದ್ಯಾಲಯದ ಜಾನ್ ಟ್ರಸ್ಕಾಟ್, ಬರವಣಿಗೆಯಲ್ಲಿ ವ್ಯಾಕರಣ ತಿದ್ದುವುದರಿಂದ ಲಾಭವೇ ಇಲ್ಲ, ಬಿಟ್ಟುಬಿಡಿ ಅಂತ ವಾದಿಸಿದರು. 1999ರಲ್ಲಿ ಡೇನಾ ಫೆರಿಸ್ ಅದಕ್ಕೆ ಉತ್ತರ ಕೊಟ್ಟು, ಆರಿಸಿಕೊಂಡು ಸ್ಪಷ್ಟವಾಗಿ ತಿದ್ದಿದರೆ ಕೆಲವರಿಗಾದರೂ ಉಪಯೋಗವಿದೆ ಅಂದರು. ನಾನು ಫೆರಿಸ್ ಕಡೆಯವಳು. ಒಂದು ಪುಟಕ್ಕೆ ಎರಡೇ ಬಗೆಯ ತಪ್ಪು ಆರಿಸಿ. ಈ ವಾರ ಭೂತಕಾಲ ಮತ್ತು ಅಲ್ಪವಿರಾಮ ಅಂದರೆ ಅಷ್ಟೇ, ಉಳಿದದ್ದನ್ನು ಕಂಡರೂ ಕಾಣದ ಹಾಗೆ ಬಿಡಿ. ಅಡಿಯಲ್ಲಿ ಗೆರೆ ಎಳೆಯಿರಿ, ಸರಿ ರೂಪ ಬರೆಯಬೇಡಿ. ಮಗು ಅದೇ ಪುಟವನ್ನು ಮತ್ತೆ ಬರೆದು ತರಲಿ. ವಾರಕ್ಕೆ ಒಂದು ಹೊಸ ಪ್ರಬಂಧಕ್ಕಿಂತ ಎರಡು ವಾರಕ್ಕೆ ಒಂದನ್ನೇ ಎರಡು ಸಲ ಬರೆಯುವುದು ಮೇಲು. ಈ ಮಾತಿಗೆ ತಾಯಂದಿರು ಸುಲಭಕ್ಕೆ ಒಪ್ಪುವುದಿಲ್ಲ, ಎರಡು ಕರಡನ್ನೂ ಪಕ್ಕದಲ್ಲಿ ಇಟ್ಟು ತೋರಿಸಿ.

ತರಗತಿಗೆ ತಕ್ಕ ಆಯ್ಕೆ

ಫಾರ್ಮ್ ಒನ್‌ನಿಂದ ತ್ರೀವರೆಗೆ: ದಿನಾ ಇಪ್ಪತ್ತು ನಿಮಿಷ ಸುಲಭದ ಕಥೆ ಪುಸ್ತಕ, ವಾರಕ್ಕೆ ಒಂದು ಪ್ಯಾರಾ, ತನ್ನದೇ ತಪ್ಪಿನ ಹಾಳೆ. ಬೇರೆ ವ್ಯಾಕರಣ ಪುಸ್ತಕ ಬೇಡ, ಶಾಲೆಯದ್ದೇ ಸಾಕು. ಟ್ಯೂಷನ್ ಸೆಂಟರ್ ಬೇಡ.

ಫಾರ್ಮ್ ಫೋರ್, ಫೈವ್ ಬಂದಾಗ ಕಥೆ ಪುಸ್ತಕದ ಜಾಗಕ್ಕೆ ಪತ್ರಿಕೆ, ಪ್ಯಾರಾದ ಜಾಗಕ್ಕೆ ಪೂರ್ತಿ ಪ್ರಬಂಧ. ಡಿಎಸ್‌ಇ ಬರವಣಿಗೆಯಲ್ಲಿ ಎರಡು ಗಂಟೆಗೆ ಸುಮಾರು 200 ಪದದ್ದೊಂದು, 400 ಪದದ್ದೊಂದು ಬರೆಯಬೇಕು. 400 ಪದ ಕೈಗೆ ಬರಲು ಸಮಯ ಹಿಡಿಯುತ್ತದೆ, ಫಾರ್ಮ್ ಸಿಕ್ಸ್‌ಗೆ ಅಂತ ಕಾಯಬಾರದು. ಮನೆಪಾಠಕ್ಕೆ ದುಡ್ಡು ಕೊಡುವುದಾದರೆ ಈ ಎರಡು ವರ್ಷಕ್ಕೆ ಕೊಡಿ.

ಫಾರ್ಮ್ ಸಿಕ್ಸ್‌ನಲ್ಲಿ ಹಳೇ ಪತ್ರಿಕೆಗಳು, ಗಡಿಯಾರ ಇಟ್ಟುಕೊಂಡು. ಓದಿನ ಪತ್ರಿಕೆಯಲ್ಲಿ ಎ ಭಾಗ ಎಲ್ಲರಿಗೂ ಕಡ್ಡಾಯ. ಆಮೇಲೆ ಸುಲಭದ ಬಿ1, ಕಷ್ಟದ ಬಿ2 ಎರಡರಲ್ಲಿ ಒಂದು. ಬಿ1 ಆರಿಸಿದರೆ ಆ ಪತ್ರಿಕೆಯಲ್ಲಿ ನಾಲ್ಕನೇ ಹಂತಕ್ಕಿಂತ ಮೇಲೆ ಹೋಗಲಾಗುವುದಿಲ್ಲ. ಮನೆಯವರ ಮಾನಕ್ಕಾಗಿ ಬಿ2 ಹಿಡಿದು ಮೂರನೇ ಹಂತವೂ ದಕ್ಕದೆ ಹೋಗುವುದು ಬೇಡ. ಕ್ರಿಸ್‌ಮಸ್ ರಜೆಯವರೆಗೆ ಎರಡನ್ನೂ ಒಂದೊಂದು ವಾರ ಬಿಟ್ಟು ಮಾಡಿಸಿ, ಬಂದ ಅಂಕಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಆ ಹಾಳೆ ನೋಡಿ ಮಗುವೇ ತೀರ್ಮಾನ ಮಾಡಲಿ.